ಪರದೇಶಿಯ ಜಮಾಖರ್ಚು: ಮಧ್ಯ ಅಮೆರಿಕದ ಕೆಲವು ಪ್ರವಾಸಗ್ರಂಥಗಳನ್ನು ಕುರಿತು

ಪ್ರವಾಸಗ್ರಂಥಗಳಿಗೆ ಬೆಲೆ ಕಟ್ಟುವಾಗ ನಮ್ಮಲ್ಲಿ ಒಂದು ಅಳತೆಗೋಲು ಬಹುಕಾಲದಿಂದ ರೂಢಿಯಲ್ಲಿದೆ. ಒಂದು ನಾಡನ್ನು ಹಾದುಹೋದವನ ಮಾತಿಗಿಂತ ಅಲ್ಲಿ ನೆಲಸಿದವನ ಮಾತು ಹೆಚ್ಚು ಪ್ರಮಾಣವೆಂಬುದೇ ಅದು. ಮೂರು ವಾರ ತಿರುಗಿದವನು ನಾಡಿನ ಮುಖವನ್ನಷ್ಟೆ ಕಂಡಾನು, ಹತ್ತಾರು ವರ್ಷ ಬಾಳಿದವನು ಅದರ ಮನಸ್ಸನ್ನು ಬಲ್ಲನು ಎಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಈ ಮಾತು ಎಲ್ಲೆಡೆಯೂ ಸಲ್ಲುವುದೆ ಎಂಬ ಸಂದೇಹ ನಮ್ಮಲ್ಲಿ ತಲೆದೋರಿದುದು ಗ್ವಾಟೆಮಾಲ ಮತ್ತು ಅದರ ನೆರೆಯ ನಾಡುಗಳನ್ನು ಕುರಿತು ಪರದೇಶೀಯರು ಬರೆದ ಕೆಲವು ಇಂಗ್ಲಿಷ್ ಗ್ರಂಥಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ. ಆ ಸಂದೇಹವನ್ನೇ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಈ ಗ್ರಂಥಕರ್ತರಲ್ಲಿ ಹಳಬರು ಅಲ್ಲಿಯ ಮೂಲಜನರನ್ನು 'ಇಂಡಿಯನ್ನರು' ಎಂದು ಕರೆಯುತ್ತಾರೆ. ಕೊಲಂಬಸನ ತಪ್ಪಿಗೆ ನಾವು ಹೊಣೆಯಾಗಬೇಕಾಗಿಲ್ಲವಾಗಿ ಅವರನ್ನು ಮಾಯಾ ಜನರೆಂದೇ ಹೆಸರಿಸುತ್ತೇವೆ.

ನೆಲಸಿದವರಲ್ಲಿ ಮೊದಲು ನಿಲ್ಲತಕ್ಕವನು ಥಾಮಸ್ ಗೇಜ್. ಈತ ಕ್ಯಾಥೊಲಿಕ್ ಮನೆತನದ ಇಂಗ್ಲಿಷನು. ಸ್ಪೇನಿನಲ್ಲಿ ಡೊಮಿನಿಕನ್ ಪಂಥದ ಸನ್ಯಾಸಿಯಾದವನು. ೧೬೨೫ರಲ್ಲಿ ಫಿಲಿಪೈನ್ಸ್ ದ್ವೀಪಗಳಿಗೆ ಹೊರಟ ಪಾದ್ರಿಗಳ ತಂಡವನ್ನು ಸೇರಿದನು. ಸ್ಪೇನಿನ ಅಮೆರಿಕಕ್ಕೆ ಇಂಗ್ಲಿಷರು ಕಾಲಿಡಕೂಡದೆಂಬ ಕಟ್ಟಳೆಯಿದ್ದುದರಿಂದ ಬಿಸ್ಕತ್ತಿನ ಖಾಲಿ ಪೀಪಾಯಿಯೊಂದರಲ್ಲಿ ಅಡಗಿ ಕುಳಿತು ಹಡಗಿನಲ್ಲಿ ದಾಟಿದನು. ಮೆಕ್ಸಿಕೊ ಸೇರಿದ ಮೇಲೆ ತಂಡವನ್ನು ತೊರೆದು ತಪ್ಪಿಸಿಕೊಂಡು, ಚಿಯಾಪಾಸ್ ಸೀಮೆಯ ಮೂಲಕ ಗ್ವಾಟೆಮಾಲಕ್ಕೆ ಬಂದನು. ಮಿಸ್ಕೊ, ಪಿನುಲ ಮೊದಲಾದ ಹಳ್ಳಿಗಳ ಪಾದ್ರಿಯಾಗಿ ೧೬೩೭ರ ವರೆಗೆ ಅಲ್ಲಿ ಉಳಿದನು. ಪೋಕೋಮ್‌ಚಿ ಎಂಬ ಮಾಯಾ ಭಾಷೆಯನ್ನು ಕಲಿತು, ತನ್ನ ಗ್ರಂಥದ ಕೊನೆಗೆ ಅದರ ಕಿರುವ್ಯಾಕರಣವೊಂದನ್ನು ಸೇರಿಸಿದನು. ನಮ್ಮ ರೂಢಿಯ ಅಳತೆಗೋಲಿನಿಂದ ಅಳೆದರೆ ಇವನಿಗಿಂತ ಉತ್ತಮನಾದ ಸಾಕ್ಷಿ ದೊರೆಯಲಾರನು. ಹಳ್ಳಿಯ ಕುಂಬಾರಿಕೆ, ಮಿಡತೆಯ ಹಾವಳಿ, ಸಾಂಕ್ರಾಮಿಕ ಜ್ವರ, ದಾರಿ ನಡೆಯುವ ಹೇಸರಗತ್ತೆಗಳ ಸಾಲು, ಚಾಕೊಲೇಟು ಪಾನೀಯವನ್ನು ಕದಡಿ ಸಿದ್ಧಪಡಿಸುವ ಬಗೆ ಇವೇ ಮೊದಲಾದುವನ್ನು ಆತ ಬಣ್ಣಿಸಿರುವ ರೀತಿ ಕೇಳಿ ಬರೆದವನದಲ್ಲ, ಉಂಡು ಬರೆದವನದು. ಚಾಕೊಲೇಟನ್ನಂತೂ ಹನ್ನೆರಡು ವರ್ಷ ತಪ್ಪದೆ ಕುಡಿದೆನೆಂದು ಅವನೇ ಹೇಳಿಕೊಳ್ಳುತ್ತಾನೆ.

ಆದರೆ ಗ್ರಂಥದ ಎರಡು ಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದರಲ್ಲಿ ಆತ ಸ್ಪಾನಿಷ್ ಜಮೀನುದಾರರ ಸರದಿದುಡಿಮೆಯನ್ನು ವರ್ಣಿಸುತ್ತಾನೆ. ಪ್ರತಿ ಹಳ್ಳಿಯೂ ವಾರವಾರವೂ ಇಷ್ಟು ಆಳುಗಳನ್ನು ಒಪ್ಪಿಸಬೇಕು. ಅಧಿಕಾರಿ ಅವರನ್ನು ದನಗಳಂತೆ ಹಂಚುತ್ತಾನೆ. ಓಡಿಹೋಗದಂತೆ ಅವರ ಹೊದಿಕೆಯನ್ನೊ ಹತಾರವನ್ನೊ ಒಡೆಯನು ಕಿತ್ತಿಟ್ಟುಕೊಳ್ಳುತ್ತಾನೆ. ಕೂಲಿಯೋ ಹೊಟ್ಟೆಗೂ ಸಾಲದು. ಈ ಭಾಗದಲ್ಲಿ ಗೇಜನ ಬರವಣಿಗೆ ನಿಜವಾದ ಕನಿಕರದಿಂದ ಬಿಸಿಯಾಗಿದೆ. ಇನ್ನೊಂದು ಭಾಗದಲ್ಲಿ ಆತ ತನ್ನ ಇಗರ್ಜಿಯ ಆದಾಯವನ್ನು ವಿವರಿಸುತ್ತಾನೆ. ಇಗರ್ಜಿಯಲ್ಲಿರುವ ಒಬ್ಬೊಬ್ಬ ಸಂತನ ಪ್ರತಿಮೆಗೂ ಹಬ್ಬವುಂಟು, ಹಬ್ಬಕ್ಕೆ ಕಾಣಿಕೆಯುಂಟು. ಪ್ರತಿಮೆಗಳು ಹೆಚ್ಚಿದಷ್ಟೂ ಪಾದ್ರಿಯ ವರಮಾನ ಹೆಚ್ಚು. ಮೃತರೆಲ್ಲರನ್ನು ಸ್ಮರಿಸುವ ದಿನ ಬರುವ ಹಣ, ಕೋಳಿ, ಮೊಟ್ಟೆ, ಮೇಣದ ಬತ್ತಿ, ಕೋಕೊ ಬೀಜ ಎಲ್ಲಕ್ಕೂ ಲೆಕ್ಕವಿದೆ. ಕೊಡುವವರು ಅದೇ ಮಾಯಾ ಜನ. ವಾರವೆಲ್ಲ ಜಮೀನುದಾರನ ಹೊಲದಲ್ಲಿ ದುಡಿದು, ಹೊದಿಕೆಯನ್ನು ಬಿಡಿಸಿಕೊಂಡು ಬಂದವರು. ಈ ಎರಡು ಭಾಗಗಳ ನಡುವೆ ಗೇಜ್ ಎಲ್ಲಿಯೂ ಸೇತುವೆ ಕಟ್ಟುವುದಿಲ್ಲ. ಜಮೀನುದಾರನು ಕಿತ್ತುಕೊಂಡಾಗ ಸುಲಿಗೆಯಾಗಿ ತೋರಿದುದು ತನ್ನ ಪೆಟ್ಟಿಗೆಗೆ ಬಿದ್ದಾಗ ಬರಿಯ ಆದಾಯವಾಗುತ್ತದೆ.

ಭಾಷೆಯನ್ನು ಕಲಿತರೆ ಜನರ ಮೇಲೆ ಪ್ರೀತಿ ತಾನಾಗಿ ಹುಟ್ಟುವುದೆಂಬ ನಂಬಿಕೆಗೂ ಇಲ್ಲಿ ಪೆಟ್ಟು ಬೀಳುತ್ತದೆ. ಮಿಸ್ಕೊದ ಬಳಿಯ ಗುಹೆಯೊಂದರಲ್ಲಿ ಕೆಲವರು ಮರದ ವಿಗ್ರಹವೊಂದನ್ನು ಗುಟ್ಟಾಗಿ ಪೂಜಿಸುತ್ತಿರುವರೆಂದು ತಿಳಿದ ಗೇಜ್ ಅದನ್ನು ಹುಡುಕಿ ತಂದು, ಇಗರ್ಜಿಯಲ್ಲಿ ನೆರೆದವರ ಮುಂದೆ ಉಪದೇಶ ಮಾಡಿ, ಕಡಿಸಿ ಸುಡಿಸಿದನು. ಆ ಬಳಿಕ ಕೆಲವರು ಅವನ ಪ್ರಾಣಕ್ಕೇ ಹೊಂಚಿದರು. ಮಿಗೆಲ್ ದಾಲ್ವ ಎಂಬ ಕಪ್ಪು ಜನಾಂಗದ ಬಂಟನೊಬ್ಬನು ಕಾವಲಿದ್ದುದರಿಂದ ಉಳಿದುಕೊಂಡನು. ಅವರ ನುಡಿಯನ್ನು ಆತ ಬಲ್ಲನು. ಆ ಬಲ್ಮೆಯೂ ಈ ಬೇಟೆಗೆ ಒದಗಿಬಂದಿತು.

ಇದಿಷ್ಟೇ ಅಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೆ ೧೬೪೨ರಲ್ಲಿ ಗೇಜ್ ಬಹಿರಂಗವಾಗಿ ಪ್ರಾಟೆಸ್ಟೆಂಟನಾದನು. ತನ್ನ ಹಳೆಯ ಮತದ ಪಾದ್ರಿಗಳ ವಿರುದ್ಧ ನ್ಯಾಯಸ್ಥಾನದಲ್ಲಿ ಸಾಕ್ಷಿ ನುಡಿದು ಕೆಲವರನ್ನು ಗಲ್ಲಿಗೆ ಕಳುಹಿಸಿದನು. ೧೬೪೮ರಲ್ಲಿ ಹೊರಬಂದ ಗ್ರಂಥವನ್ನು ಅರ್ಪಿಸಿರುವುದು ಫೇರ್‌ಫ್ಯಾಕ್ಸ್ ಎಂಬ ದಂಡನಾಯಕನಿಗೆ. ಸ್ಪೇನಿನ ಅಮೆರಿಕವನ್ನು ಇಂಗ್ಲಿಷರು ಗೆಲ್ಲುವುದು ಸುಲಭವೆಂಬುದೇ ಅದರ ಒಳದನಿ. ಕ್ರಾಮ್‌ವೆಲ್ ೧೬೫೪ರಲ್ಲಿ ವೆಸ್ಟ್ ಇಂಡೀಸಿಗೆ ದಂಡು ಕಳುಹಿಸಿದಾಗ ಗೇಜ್ ಅದರ ಪಾದ್ರಿಯಾಗಿ ಹೋಗಿ, ೧೬೫೬ರಲ್ಲಿ ಜಮೈಕದಲ್ಲಿ ತೀರಿಕೊಂಡನು. ಇದನ್ನು ತಿಳಿದು ಓದಿದವರಿಗೆ ರೇವುಗಳನ್ನೂ ಕಾವಲುಪಡೆಗಳನ್ನೂ ಕುರಿತ ಅವನ ವಿವರಗಳು ಬೇರೆಯಾಗಿಯೇ ಕಾಣುತ್ತವೆ.

ಹಾಗಾದರೆ ಗೇಜನನ್ನು ತಳ್ಳಿಹಾಕಬೇಕೆ? ಬೇಡವೆಂದು ನಮ್ಮ ಅಭಿಪ್ರಾಯ. ಮಾಯಾ ವಿದ್ವಾಂಸರಲ್ಲಿ ಹೆಸರಾದ ಎರಿಕ್ ಥಾಂಪ್ಸನ್ ೧೯೫೮ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದುದು ವ್ಯರ್ಥವಲ್ಲ. ಗೇಜನ ಅಭಿಪ್ರಾಯಗಳು ನಂಬತಕ್ಕವಲ್ಲ, ಆದರೆ ಅವನ ಲೆಕ್ಕ ನಂಬತಕ್ಕದ್ದು. ಯಾರಿಂದ ಎಷ್ಟು ಬಂದಿತು, ಹನ್ನೆರಡು ವರ್ಷಕ್ಕೆ ಒಟ್ಟು ಎಷ್ಟಾಯಿತು (ಸುಮಾರು ೯,೦೦೦ ಸ್ಪಾನಿಷ್ ಬೆಳ್ಳಿನಾಣ್ಯ), ಊರಿಗೆ ಮರಳುವ ದಾರಿಯಲ್ಲಿ ಡಚ್ಚರ ಕಡಲುಗಳ್ಳರು ಅದರಲ್ಲಿ ಬಹುಪಾಲನ್ನು ಹೇಗೆ ದೋಚಿದರು ಎಂಬುದನ್ನೆಲ್ಲ ಆತ ಮರೆಮಾಚದೆ ಬರೆದಿಟ್ಟಿದ್ದಾನೆ. ತನ್ನ ಅನ್ನ ಎಲ್ಲಿಂದ ಬಂದಿತೆಂದು ಹೇಳುವ ಪರದೇಶೀಯನು ತಾನರಿಯದೆಯೆ ಆ ನಾಡಿನ ನಿಜಸ್ಥಿತಿಯನ್ನು ಹೇಳಿಬಿಡುತ್ತಾನೆ. ವಾಸದ ಅವಧಿಗಿಂತ ಈ ಜಮಾಖರ್ಚೇ ಹೆಚ್ಚು ಸರಿಯಾದ ಅಳತೆಗೋಲೆಂದು ನಾವು ಸೂಚಿಸುತ್ತೇವೆ.

ಗೇಜ್ ಹೊರಟುಹೋಗಿ ಎರಡು ಶತಮಾನಗಳ ಮೇಲೆ ಅದೇ ನಾಡಿಗೆ ಬಂದ ಜಾನ್ ಲಾಯ್ಡ್ ಸ್ಟೀಫನ್ಸ್ ಹಾದುಹೋದವರ ಪಂಗಡಕ್ಕೆ ಸೇರಿದವನು. ನ್ಯೂಯಾರ್ಕಿನ ಈ ವಕೀಲನನ್ನು ಅಮೆರಿಕದ ಅಧ್ಯಕ್ಷ ವ್ಯಾನ್ ಬ್ಯೂರೆನ್ ೧೮೩೯ರಲ್ಲಿ ಮಧ್ಯ ಅಮೆರಿಕದ ಒಕ್ಕೂಟಕ್ಕೆ ರಾಜಪ್ರತಿನಿಧಿಯಾಗಿ ಕಳುಹಿಸಿದನು. ಆತ ಹೋಗುವ ವೇಳೆಗೆ ಆ ಒಕ್ಕೂಟವೇ ಒಡೆದು ಚೂರಾಗುತ್ತಿತ್ತು. ಯಾರ ಕೈಗೆ ತನ್ನ ಅಧಿಕಾರಪತ್ರವನ್ನು ಕೊಡಬೇಕೆಂದು ತಿಳಿಯದೆ ಊರೂರು ಸರ್ಕಾರವನ್ನು ಹುಡುಕಿಕೊಂಡು ಅಲೆದನು. ಈ ಅಲೆದಾಟದ ವರ್ಣನೆಯಲ್ಲಿ ಒಳ್ಳೆಯ ಹಾಸ್ಯವಿದೆ. ಹತ್ತು ತಿಂಗಳೂ ತುಂಬದ ಈ ಸಂಚಾರದ ಗ್ರಂಥ ೧೮೪೧ರಲ್ಲಿ ಪ್ರಕಟವಾಗಿ ಕೂಡಲೇ ಪ್ರಸಿದ್ಧಿಗೆ ಬಂದಿತು.

ಹೊಂಡುರಾಸಿನ ಕೋಪಾನ್ ಎಂಬಲ್ಲಿ ಕಾಡು ಮುಚ್ಚಿದ ಮಾಯಾ ನಗರವೊಂದರ ಅವಶೇಷಗಳಿದ್ದುವು. ಅವುಗಳನ್ನು ಸ್ಟೀಫನ್ಸ್ ಜಮೀನಿನ ಹಕ್ಕುದಾರನಿಂದ ೫೦ ಡಾಲರಿಗೆ ಪಡೆದನು. ವ್ಯವಹಾರ ಕುದುರಿಸಲು ಹದ್ದಿನ ಗುಂಡಿಗಳಿದ್ದ ರಾಜಪ್ರತಿನಿಧಿಯ ಅಂಗಿಯನ್ನು ತೊಟ್ಟು ಹೋದುದನ್ನೂ, ಪ್ರಯೋಜನವಿಲ್ಲದ ಕಲ್ಲುಗಳಿಗೆ ಹಣ ತೆರುವ ತನ್ನನ್ನು ಆ ಹಕ್ಕುದಾರನು ಹುಚ್ಚನೆಂದು ಬಗೆದುದನ್ನೂ ಅವನೇ ನಗುತ್ತ ಹೇಳಿದ್ದಾನೆ. ಆ ಶಿಲ್ಪಗಳನ್ನು ನದಿಯ ಮೂಲಕ ಸಾಗಿಸಿ ನ್ಯೂಯಾರ್ಕಿಗೆ ತರಬೇಕೆಂಬ ಹವಣಿಕೆ ಅವನದು; ಅದು ನಡೆಯಲಿಲ್ಲ. ಹಳ್ಳಿಯವರನ್ನು ಕುರಿತ ಅವನ ಮಾತುಗಳು ಹಲವೆಡೆ ಹಗುರವಾಗಿವೆ. ಆದರೂ ಒಂದು ದೊಡ್ಡ ವಿಷಯದಲ್ಲಿ ಈ ಹಾದುಹೋದವನು ನ್ಯಾಯವಾಗಿ ನುಡಿದನು. ಆ ನಗರಗಳನ್ನು ಈಜಿಪ್ಟಿನವರೊ ಮತ್ತಾವ ದೂರದೇಶದವರೊ ಕಟ್ಟಿರಬೇಕೆಂದು ಪಂಡಿತರು ವಾದಿಸುತ್ತಿದ್ದ ಕಾಲದಲ್ಲಿ, ಅವು ಅಲ್ಲಿಯೇ ಬಾಳುತ್ತಿರುವ ಜನರ ಪೂರ್ವಿಕರ ಕೃತಿಗಳೆಂದು ತೀರ್ಮಾನಿಸಿದನು. ಗೆಳೆಯ ಕ್ಯಾದರ್‌ವುಡ್ ಕೆಸರಿನಲ್ಲಿ ನಿಂತು, ಸೊಳ್ಳೆಗಳ ಕಾಟಕ್ಕೆ ಕೈಚೀಲ ತೊಟ್ಟು, ಕಲ್ಲಿನ ಒಂದೊಂದು ಗೆರೆಯನ್ನೂ ಚಿತ್ರಿಸಿಕೊಂಡ ಶ್ರಮ ಈ ತೀರ್ಮಾನಕ್ಕೆ ಆಧಾರ. ಹನ್ನೆರಡು ವರ್ಷದ ನಿವಾಸಿ ಜನರ ದೇವರನ್ನು ಸುಟ್ಟನು. ಕೆಲವು ತಿಂಗಳ ಪಯಣಿಗನು ಅವರ ಪೂರ್ವಿಕರನ್ನು ಅವರಿಗೆ ಹಿಂದಿರುಗಿಸಿದನು, ಕಲ್ಲುಗಳನ್ನೇನೊ ತನ್ನ ಹೆಸರಿಗೆ ಬರೆಸಿಕೊಂಡನು. ಮುಂದೆ ಸ್ಟೀಫನ್ಸ್ ಪನಾಮ ರೈಲ್ವೆ ಕಂಪನಿಯ ಅಧ್ಯಕ್ಷನಾಗಿ, ಆ ದಾರಿ ಪೂರ್ತಿಯಾಗುವ ಮೊದಲೆ, ೧೮೫೨ರಲ್ಲಿ ತೀರಿಹೋದನು.

ನಮ್ಮ ಮಾತಿನಲ್ಲಿ 'ಪರದೇಶಿ' ಎಂಬುದಕ್ಕೆ ಬೇರೆ ದೇಶದವನೆಂಬ ಅರ್ಥ ಹಿಂದೆ ಸರಿದು, ದಿಕ್ಕಿಲ್ಲದವನೆಂಬ ಅರ್ಥವೇ ಮುಂದೆ ನಿಂತಿದೆ. ಮೇಲಣ ಇಬ್ಬರಿಗೂ ಈ ಎರಡನೆಯ ಅರ್ಥ ಸಲ್ಲದು. ಒಬ್ಬನ ಬೆನ್ನಿಗೆ ಇಗರ್ಜಿ, ಇನ್ನೊಬ್ಬನ ಬೆನ್ನಿಗೆ ಸರ್ಕಾರ. ನಿಜವಾದ ಪರದೇಶಿಯ ಗ್ರಂಥವೆಂದರೆ ಮರಿಯಾ ಸೊಲ್ತೇರ ಎಂಬ ಹೆಸರಿನಿಂದ ೧೮೮೪ರಲ್ಲಿ ಪ್ರಕಟವಾದ, ಹೊಂಡುರಾಸನ್ನು ಹೇಸರಗತ್ತೆಯ ಮೇಲೆ ದಾಟಿದ ಇಂಗ್ಲಿಷ್ ಮಹಿಳೆಯ ಕಥನ. ಸಾನ್ ಪೇದ್ರೊ ಸೂಲದಲ್ಲಿ ಉಪಾಧ್ಯಾಯಿನಿಯ ಕೆಲಸ ದೊರೆಯುವುದೆಂಬ ಭರವಸೆಯ ಮೇಲೆ ಒಂಟಿಯಾಗಿ ಹೊರಟ ಆಕೆಗೆ ದಾರಿ ಮುಗಿದಾಗ ಆ ಭರವಸೆಯೇ ಪೊಳ್ಳೆಂದು ತಿಳಿದುಬಂದಿತು. ಸಾಹಿತ್ಯದೃಷ್ಟಿಯಿಂದ ಅದು ದೊಡ್ಡ ಗ್ರಂಥವಲ್ಲ. ಆದರೆ ಕೈಯಲ್ಲಿ ಹಣ ಕಡಮೆಯಿರುವವರಿಗೆ ದಾರಿತೋರುವ ಆಳಿನ ಮುಖವೂ ತಂಗಿದ ಮನೆಯೊಡತಿಯ ದನಿಯೂ ಎಷ್ಟು ಸ್ಪಷ್ಟವಾಗಿ ಕಾಣಿಸುತ್ತವೆ, ಕೇಳಿಸುತ್ತವೆ ಎಂಬುದನ್ನು ಅದರಲ್ಲಿ ನೋಡಬಹುದು.

ಈಚಿನ ಎರಡು ಗ್ರಂಥಗಳ ವಿಷಯ ಚುಟುಕಾಗಿ. ಜೋನ್ ಡಿಡಿಯನ್ ೧೯೮೨ರಲ್ಲಿ ಅಂತರ್ಯುದ್ಧದ ನಡುವೆ ಎಲ್ ಸಾಲ್ವಡಾರಿನಲ್ಲಿ ಎರಡು ವಾರ ಇದ್ದು ಬರೆದರು. ಸಲ್ಮಾನ್ ರಶ್ದಿ ೧೯೮೬ರ ಜುಲೈಯಲ್ಲಿ ನಿಕರಾಗುವದಲ್ಲಿ ಮೂರು ವಾರ ಇದ್ದು ಬರೆದರು. ಇಬ್ಬರೂ ತಮ್ಮ ಜಮಾಖರ್ಚನ್ನು ಮುಚ್ಚಿಟ್ಟಿಲ್ಲ. ತಾವು ಅಲ್ಲಿಯ ಸಾಂಸ್ಕೃತಿಕ ಸಂಘವೊಂದರ ಅತಿಥಿಯೆಂದು ರಶ್ದಿಯವರು ಹೇಳಿಬಿಡುತ್ತಾರೆ. ಬಲಿಷ್ಠ ಸಾಮ್ರಾಜ್ಯವೊಂದರ ಅಧೀನದಲ್ಲಿದ್ದ ನಾಡಿನಲ್ಲಿ ಹುಟ್ಟಿದವರಾಗಿ ತಮಗೆ ಅಲ್ಲಿ ಉಂಟಾದ ಬಂಧುಭಾವವನ್ನೂ ಅಡಗಿಸುವುದಿಲ್ಲ. ಪತ್ರಿಕೆಯೊಂದನ್ನು ಸರ್ಕಾರ ಮುಚ್ಚಿಸಿದುದನ್ನು ಆತಿಥೇಯರೆದುರಿಗೇ ಆಕ್ಷೇಪಿಸಿದರೂ, ಅತಿಥಿಯ ದಾಕ್ಷಿಣ್ಯ ಗ್ರಂಥದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಡಿಡಿಯನ್ನರ ಗ್ರಂಥದಲ್ಲಿ ಅವರು ನೀರನ್ನು ಶುದ್ಧಿಮಾಡುವ ಮಾತ್ರೆಗಳನ್ನು ಕೊಳ್ಳಲು ರಾಜಧಾನಿಯ ದೊಡ್ಡ ಅಂಗಡಿಸಾಲಿಗೆ ಹೋಗುವ ಸಂದರ್ಭವೊಂದಿದೆ. ಅಲ್ಲಿ ಪೇರಿಸಿಟ್ಟ ವಿಲಾಸವಸ್ತುಗಳನ್ನು ಪಟ್ಟಿಮಾಡುತ್ತಿರುವಾಗಲೇ, ಇಂಥ ವ್ಯಂಗ್ಯವನ್ನು ಹೆಕ್ಕುವ ತಮ್ಮ ಕಸುಬೇ ಆ ಭಯದ ಊರಿನಲ್ಲಿ ಹೊರಗಿನವರ ಸುಖವೆಂದು ಅವರಿಗೆ ಅರಿವಾಗುತ್ತದೆ. ಎರಡು ವಾರದಲ್ಲಿ ಇಷ್ಟು ಕಂಡುಕೊಂಡುದು ಕಡಮೆಯಲ್ಲ. ಆದರೆ ಅವರ ಪುಟಗಳಲ್ಲಿ ಸಾಲ್ವಡಾರಿನ ಬಡವನೊಬ್ಬನೂ ನಾಲ್ಕು ಮಾತು ಬಿಡಿಸಿ ಆಡುವುದಿಲ್ಲ. ಆ ಕೊರತೆಯ ಮಟ್ಟಿಗೆ ಅವಧಿಯ ಅಳತೆಗೋಲು ಇನ್ನೂ ಪೂರ್ತಿ ಸೋತಿಲ್ಲವೆಂದು ಒಪ್ಪಿಕೊಳ್ಳಬೇಕು.

ಈ ಗ್ರಂಥಗಳಿಂದ ವಿದ್ಯಾರ್ಥಿಗಳಿಗೆ ಆಯ್ದ ಭಾಗಗಳನ್ನು ಕೊಡುವ ಅಧ್ಯಾಪಕರಿಗೆ ಒಂದು ಸೂಚನೆ. ಗೇಜನ ಗ್ರಂಥದಲ್ಲಿ ಮೆಕ್ಸಿಕೊ ವಿಜಯವನ್ನು ವರ್ಣಿಸುವ ಅಧ್ಯಾಯಗಳು ಓಟವುಳ್ಳವಾದುದರಿಂದ ಅವನ್ನೇ ಆರಿಸುವ ಆಸೆಯಾಗಬಹುದು. ಅವು ಅವನ ಅನುಭವವಲ್ಲ. ಗೋಮರನೆಂಬ ಸ್ಪಾನಿಷ್ ಚರಿತ್ರಕಾರನ ಇಂಗ್ಲಿಷ್ ಭಾಷಾಂತರದಿಂದ ಎತ್ತಿಕೊಂಡವು. ಮಿಸ್ಕೊ ಮತ್ತು ಪಿನುಲಗಳ ಅಧ್ಯಾಯಗಳನ್ನು, ಕೋಳಿ ಮೊಟ್ಟೆಗಳ ಲೆಕ್ಕವನ್ನು ಬಿಡದೆ, ಓದಿಸುವುದು ಮೇಲು.