ಬಿಲಿಯರ್ಡ್ಸ್ ಆಟವೂ ಕನ್ನಡದ ವರ್ಣನೆಯೂ

ನವಲಗುಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬಿಲಿಯರ್ಡ್ಸ್ ಮೇಜು ಇಲ್ಲ. ಬರುವ ಲಕ್ಷಣವೂ ಇಲ್ಲ. ಆದರೂ ಈ ಲೇಖನ ಆ ಆಟವನ್ನು ಕುರಿತದ್ದು, ಮತ್ತು ಇದನ್ನು ಬರೆಯಬೇಕಾದ ಪ್ರಸಂಗ ಹುಟ್ಟಿದ್ದು ಆ ಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿಯೇ. ಹುಬ್ಬಳ್ಳಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. ಹುಡುಗನಿಗೆ ಹೊಸದೊಂದು ಹುಚ್ಚು ಹತ್ತಿದೆ. ತನ್ನ ಮೊಬೈಲಿನಲ್ಲಿ ಪರದೇಶದ ಬಿಲಿಯರ್ಡ್ಸ್ ಪಂದ್ಯಗಳನ್ನು ತಾಸುಗಟ್ಟಲೆ ನೋಡುತ್ತಾನೆ. ಅಂದು ನೋಡುತ್ತಿದ್ದುದು 2024ರಲ್ಲಿ ವಿಯೆಟ್ನಾಮಿನ ಬಿನ್ ಥುವಾನ್‌ದಲ್ಲಿ ನಡೆದ ಮೂರು ಕುಶನ್ ಕ್ಯಾರಂ ವಿಶ್ವ ಸ್ಪರ್ಧೆಯ ಕೊನೆಯ ಪಂದ್ಯ. ಜಮಖಾನದ ಮೇಲೆ ಒರಗಿ ಕುಳಿತಿದ್ದ ನನ್ನ ಸೋದರಮಾವ, ಎಂಬತ್ತು ದಾಟಿದವರು, “ಏನೋ ಅದು?” ಎಂದು ಕೇಳಿದರು. ಹುಡುಗ ಹೇಳತೊಡಗಿದ, ಹತ್ತು ಮಾತಿಗೆ ಏಳು ಇಂಗ್ಲಿಷ್. ಮಾವನಿಗೆ ತಿಳಿಯಲಿಲ್ಲ. ಪತ್ರಿಕೆಗಳಿಗೆ ಇಷ್ಟು ವರ್ಷ ಬರೆದವನೆಂಬ ಹಮ್ಮಿನಿಂದ ನಾನು ನಡುವೆ ಬಾಯಿ ಹಾಕಿ, “ಕೊರಿಯಾದ ಚೊ ಮ್ಯೊಂಗ್-ವೂ ಗೆದ್ದ, ವಿಯೆಟ್ನಾಮಿನ ಟ್ರಾನ್ ಥಾನ್ ಲುಕ್ ಸೋತ” ಎಂದೆ.

“ಅದು ಆತು ಬಿಡೋ ತಮ್ಮಾ. ಆಟಾ ಹ್ಯಾಂಗ ಆಡಿದ್ರು ಅಂತ ಹೇಳು,” ಎಂದರು ಮಾವ.

ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡದಲ್ಲಿ ಆ ಉತ್ತರವನ್ನು ನಾನು ಎಲ್ಲಿಯೂ ಓದಿರಲಿಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಿತು.

ಮೊದಲು ಆಟವೇನೆಂಬುದನ್ನು ವಾಚಕರಿಗೆ ಹೇಳಿಬಿಡುವೆ. ಬೆಂಗಳೂರಿನ ಕ್ಲಬ್ಬುಗಳಲ್ಲಿ ನಾವು ಕಾಣುವ ಬಿಲಿಯರ್ಡ್ಸ್ ಮೇಜಿಗೆ ಆರು ಜೇಬುಗಳಿರುತ್ತವೆ. ಈ ಮೇಜಿಗೆ ಜೇಬೇ ಇಲ್ಲ. ಸುಮಾರು ಒಂಬತ್ತೂಕಾಲು ಅಡಿ ಉದ್ದ, ಅದರರ್ಧ ಅಗಲ. ಹಸಿರೋ ನೀಲಿಯೋ ಬಟ್ಟೆಯ ಕೆಳಗೆ ಕಾಯಿಸಿಟ್ಟ ಕಲ್ಲಿನ ಹಾಸು. ನಾಲ್ಕೂ ಕಡೆ ರಬ್ಬರಿನ ಮೆತ್ತೆ ಹಚ್ಚಿದ ಅಂಚು. ಮೇಲೆ ಮೂರೇ ಚೆಂಡು: ಬಿಳಿ, ಹಳದಿ, ಕೆಂಪು. ಆಟಗಾರ ತನ್ನ ಚೆಂಡನ್ನು ಕೋಲಿನಿಂದ ಹೊಡೆಯಬೇಕು. ಅದು ಉಳಿದೆರಡನ್ನೂ ಮುಟ್ಟಬೇಕು. ಎರಡನೆಯದನ್ನು ಮುಟ್ಟುವ ಮೊದಲು ಕನಿಷ್ಠ ಮೂರು ಸಲ ಅಂಚಿಗೆ ತಾಗಿರಬೇಕು. ಆಗ ಒಂದು ಅಂಕ. ಎಷ್ಟೇ ಸುಂದರವಾಗಿ ಹೊಡೆಯಲಿ, ಒಂದೇ. ಸರದಿಯೊಂದಕ್ಕೆ ಸರಾಸರಿ ಎರಡು ಅಂಕ ಗಳಿಸಿದವನು ಜಗತ್ತಿನ ಮೊದಲ ಸಾಲಿನ ಆಟಗಾರ. ಅಂಥವನೂ ಮೂರು ಹೊಡೆತಕ್ಕೆ ಒಂದನ್ನು ತಪ್ಪುತ್ತಾನೆಂದು ಇದರ ಅರ್ಥ.

ಕ್ರಿಕೆಟ್ಟಿನಲ್ಲಿ ವಿಕೆಟ್ಟು ಬೀಳುತ್ತದೆ, ಸ್ನೂಕರಿನಲ್ಲಿ ಚೆಂಡು ಜೇಬು ಸೇರಿ ಕಣ್ಮರೆಯಾಗುತ್ತದೆ. ಆದದ್ದಕ್ಕೊಂದು ಗುರುತು ಉಳಿಯುತ್ತದೆ. ಇಲ್ಲಿ ಏನೂ ಉಳಿಯುವದಿಲ್ಲ. ಹೊಡೆತಕ್ಕೆ ಮೊದಲು ಮೂರು ಚೆಂಡು, ಹೊಡೆತವಾದ ಮೇಲೂ ಮೂರು ಚೆಂಡು. ನಡುವೆ ಒಂದು ಚೆಂಡು ನಡೆದ ದಾರಿಯೇ ಆಟ, ಅದೂ ನಾಲ್ಕೈದು ಸೆಕೆಂಡಿನಲ್ಲಿ ಅಳಿಸಿಹೋಗುವಂಥದು. ಆದ್ದರಿಂದ ಈ ಆಟದ ಬಗೆಗೆ ಅಂಕಗಳನ್ನಷ್ಟೇ ಬರೆದವನು ಏನನ್ನೂ ಬರೆದಂತಾಗಲಿಲ್ಲ. ಬೇರೆ ಆಟಗಳಲ್ಲಿ ಮುಚ್ಚಿಹೋಗುವ ನಮ್ಮ ವರದಿಯ ದೋಷ ಇಲ್ಲಿ ಬತ್ತಲಾಗುತ್ತದೆ.

ದೋಷವೆಂದೆ. ಪರದೇಶದ ಮಾತೇಕೆ, ನಮ್ಮವರನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಪಂಕಜ್ ಅಡ್ವಾಣಿ 2024ರ ನವೆಂಬರದಲ್ಲಿ ದೋಹಾದಲ್ಲಿ ತಮ್ಮ ಇಪ್ಪತ್ತೆಂಟನೆಯ ವಿಶ್ವ ಪ್ರಶಸ್ತಿಯನ್ನು ಗೆದ್ದರು. 28 ಎಂಬ ಅಂಕಿ ಎಲ್ಲರ ಬಾಯಲ್ಲಿದೆ. ಅವರು ಆಡುವದು ಹೇಗೆ? ಬಿಲಿಯರ್ಡ್ಸಿನಲ್ಲಿ ಅಂಕಗಳ ಗುರಿಯಿಟ್ಟು ಆಡುವ ಚಿಕ್ಕ ಪಂದ್ಯಕ್ಕೂ ಗಡಿಯಾರ ನೋಡಿ ಆಡುವ ದೀರ್ಘ ಪಂದ್ಯಕ್ಕೂ ಮನಸ್ಸಿನ ಹದವೇ ಬೇರೆ. ಒಂದರಲ್ಲಿ ಅವಸರ ಸಲ್ಲುತ್ತದೆ, ಇನ್ನೊಂದರಲ್ಲಿ ಅದೇ ಮುಳುವಾಗುತ್ತದೆ. ಒಂದೇ ವರ್ಷದಲ್ಲಿ ಎರಡನ್ನೂ ಗೆಲ್ಲುವದನ್ನು ಅವರು 2005ರಲ್ಲಿ ಮಾಲ್ಟಾದಲ್ಲಿ ಮಾಡಿದರು, 2008ರಲ್ಲಿ ಬೆಂಗಳೂರಿನಲ್ಲಿಯೇ ಮಾಡಿದರು. ಎರಡು ಹದಗಳನ್ನು ಒಂದೇ ಕೈ ಹೇಗೆ ಹಿಡಿಯಿತು ಎಂಬುದು ವಿಮರ್ಶಕನಿಗೆ ಹಬ್ಬದೂಟದಂಥ ವಿಷಯ. ಕನ್ನಡದಲ್ಲಿ ಅದನ್ನು ಬಿಡಿಸಿ ಹೇಳಿದ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದ ಬೆಂಗಳೂರಿನ ಉಮಾದೇವಿ ನಾಗರಾಜ್ ಅವರ ಬಗೆಗೆ ನನಗೆ ಗೊತ್ತಿದ್ದುದು ಸರಕಾರಿ ನೌಕರಿ ಮಾಡುತ್ತ ಗೆದ್ದರು ಎಂಬುದೊಂದೇ. ಅದು ಅಭಿಮಾನದ ಮಾತು ನಿಜ; ಆಟದ ಮಾತಲ್ಲ.

ಇದಕ್ಕೆ ವರದಿಗಾರನ ಸೋಮಾರಿತನವೊಂದೇ ಕಾರಣವೆಂದು ನಾನು ಒಪ್ಪುವದಿಲ್ಲ. ಕಾರಣ ಇನ್ನೂ ಹಿಂದಕ್ಕೆ, ನಮ್ಮ ಕಾವ್ಯಕ್ಕೇ ಹೋಗುತ್ತದೆ. ನಮ್ಮ ಸಾಹಿತ್ಯದ ಮಹಾ ಆಟವೆಂದರೆ ಜೂಜು. ಪಂಪನ ತಾಯಿಯ ಕಡೆಯವರು ಅಣ್ಣಿಗೇರಿಯವರು. ಕುಮಾರವ್ಯಾಸನ ಊರು ಕೋಳಿವಾಡ ಅಲ್ಲಿಗೆ ದೂರವಲ್ಲ. ಭಾರತವನ್ನು ಕನ್ನಡಕ್ಕೆ ತಂದ ಈ ಇಬ್ಬರೂ ನಮ್ಮ ಸೀಮೆಗೆ ಹೊಂದಿಕೊಂಡವರೇ. ಕುಮಾರವ್ಯಾಸನ ಸಭಾಪರ್ವದಲ್ಲಿ ದ್ಯೂತ ನಡೆಯುವಾಗ ಓದುಗನ ಉಸಿರು ಕಟ್ಟುತ್ತದೆ. ಆದರೆ ಕಟ್ಟುವದು ಯಾತಕ್ಕೆ? ಪಗಡೆಯ ಕಾಯಿ ಹೇಗೆ ನಡೆಯಿತೆಂದಲ್ಲ. ಏನು ಒಡ್ಡಿದರು, ಏನು ಹೋಯಿತು ಎಂದು. ಹೊನ್ನು ಹೋಯಿತು, ರಥ ಹೋಯಿತು, ತಮ್ಮಂದಿರು ಹೋದರು, ತಾನೇ ಹೋದ, ಕೊನೆಗೆ ಹೆಂಡತಿ. ಕಾವ್ಯಕ್ಕೆ ಅದು ತಕ್ಕದ್ದೇ. ಅಲ್ಲಿ ದಾಳ ಶಕುನಿಯ ಕೈಯೊಳಗಿನದು, ಆಡುವವನ ಕೌಶಲಕ್ಕೆ ಎಡೆಯೇ ಇಲ್ಲ. ಕುಮಾರವ್ಯಾಸನನ್ನು ದೂರಲು ನಾನು ಹೊರಟಿಲ್ಲ. ಅಷ್ಟು ಧೈರ್ಯ ನಮ್ಮ ಕಡೆಯವರಿಗೆ ಬರುವಂತಿಲ್ಲ. ನನ್ನ ಮಾತಿಷ್ಟೇ: ಆಟವೆಂದರೆ ಒಡ್ಡಿದ್ದು, ಗೆದ್ದದ್ದು, ಸೋತದ್ದು ಎಂಬ ರೂಢಿ ಅಲ್ಲಿಂದ ಬಂದು ನಮ್ಮ ಕ್ರೀಡಾಪುಟದಲ್ಲಿ ಕುಳಿತಿದೆ, ಕಾವ್ಯದ ಉಸಿರನ್ನು ಮಾತ್ರ ಹೊರಗೇ ಬಿಟ್ಟು.

ಮಾವ ಕುಳಿತಿದ್ದ ಜಮಖಾನದ ಮೇಲೂ ಪಗಡೆಯ ಹಾಸೇ ಇತ್ತು. ನವಲಗುಂದದ ನೇಕಾರ ಹೆಣ್ಣುಮಕ್ಕಳು ಪಗಡೆಯ ಮನೆಗಳನ್ನು ನಡುವೆ ನೇಯ್ದು ಕೊಡುತ್ತಾರೆ. ಹಾಸಿದರೆ ಕೂಡ್ರಲಿಕ್ಕೂ ಆಯಿತು, ಆಡಲಿಕ್ಕೂ ಆಯಿತು. ನೇಯುವ ಕೈಗೆ ಒಂದೊಂದು ಮನೆಯ ಲೆಕ್ಕ ಗೊತ್ತು.

ಮೂರು ಅಂಚಿನ ನಿಯಮ ಎಲ್ಲಿಂದ ಬಂತೆಂಬುದು ಸಾಹಿತ್ಯದ ವಿದ್ಯಾರ್ಥಿಗೆ ಕುತೂಹಲದ್ದು. ಮೊದಲು ಕ್ಯಾರಂ ಬಿಲಿಯರ್ಡ್ಸಿನಲ್ಲಿ ತನ್ನ ಚೆಂಡು ಉಳಿದೆರಡಕ್ಕೆ ತಾಗಿದರೆ ಸಾಕಿತ್ತು. ನಿಪುಣರು ಮೂರೂ ಚೆಂಡುಗಳನ್ನು ಒಂದು ಅಂಚಿಗೆ ಒತ್ತಿಕೊಂಡು, ಕುರಿ ಮೇಯಿಸಿದ ಹಾಗೆ ಮೆಲ್ಲಗೆ ನೂಕುತ್ತ, ನೂರಾರು ಅಂಕಗಳನ್ನು ಒಂದೇ ಸರದಿಯಲ್ಲಿ ಕೂಡಿಸತೊಡಗಿದರು. ನೋಡುವವರು ಆಕಳಿಸಿದರು. ಮೇಜಿನ ಮೇಲೆ ಗೆರೆ ಎಳೆದು ತಡೆಯುವ ಉಪಾಯ ಒಂದು ಕಡೆ ನಡೆಯಿತು. ಇನ್ನೊಂದು ಕಡೆ ಈ ಮೂರು ಅಂಚಿನ ಕಟ್ಟು ಬಂತು. ಇದರ ಮೊದಲ ಬಹಿರಂಗ ಸ್ಪರ್ಧೆ 1878ರ ಜನವರಿಯಲ್ಲಿ ಅಮೇರಿಕೆಯ ಸೇಂಟ್ ಲೂಯಿಸ್ ಪಟ್ಟಣದಲ್ಲಿ ನಡೆಯಿತು. ಲಿಯಾನ್ ಮ್ಯಾಗ್ನಸ್ ಎಂಬವನು ಗೆದ್ದ. ಸುಲಭವಾಗಿ ಸತ್ತುಹೋಗುತ್ತಿದ್ದ ಆಟವನ್ನು ಕಷ್ಟಗೊಳಿಸಿ ಬದುಕಿಸಿದರು.

ನಮ್ಮಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಎರಡನೆಯ ಅಕ್ಷರದ ಪ್ರಾಸವೆಂಬ ಕಟ್ಟು ನೂರಾರು ವರ್ಷ ನಡೆದು, ಪದ್ಯ ಬರೆಯುವವರಿಗೆ ಕೇವಲ ಕೈಚಳಕವಾಗಿ ಉಳಿದಾಗ, 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದರು. ಅಲ್ಲಿ ಕಟ್ಟು ಬಿಚ್ಚಿ ಬದುಕಿಸಬೇಕಾಯಿತು, ಇಲ್ಲಿ ಕಟ್ಟು ಹಾಕಿ. ಎರಡರಲ್ಲಿಯೂ ಕೊಂದದ್ದು ಸರಾಗತೆಯೇ. ಪ್ರಾಸ ಬಿಟ್ಟ ಮೇಲೆ ಬಂದ ಕವಿಗಳೆಲ್ಲ ಈಗ ಇನ್ನೊಂದು ಬಗೆಯ ಅಂಚಿಗೆ ಚೆಂಡು ಒತ್ತಿಕೊಂಡು ಅಂಕ ಕೂಡಿಸುತ್ತಿಲ್ಲವೆ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಇನ್ನೊಂದು ವಾರ ಉತ್ತರಿಸಬೇಕಾದೀತು.

ಈ ಆಟಕ್ಕೆ ಛಂದಸ್ಸೂ ಇದೆ. ಮೇಜಿನ ಅಂಚಿನ ಕಟ್ಟಿಗೆಯಲ್ಲಿ ಸಮದೂರಕ್ಕೆ ಚುಕ್ಕೆಗಳನ್ನು ಕೂಡಿಸಿರುತ್ತಾರೆ. ಅವಕ್ಕೆ ಅಂಕಿ ಕೊಟ್ಟು ಲೆಕ್ಕ ಮಾಡುತ್ತಾರೆ: ಚೆಂಡು ಐವತ್ತರ ಮೂಲೆಯಿಂದ ಹೊರಟು ಮೂರನೆಯ ಅಂಚಿನ ಮೂವತ್ತಕ್ಕೆ ಬರಬೇಕಾದರೆ, ಐವತ್ತರಲ್ಲಿ ಮೂವತ್ತು ಕಳೆದು, ಮೊದಲ ಅಂಚಿನ ಇಪ್ಪತ್ತಕ್ಕೆ ಗುರಿ ಇಡಬೇಕು. ಬೆಲ್ಜಿಯಮಿನ ರೇಮಂಡ್ ಕ್ಯೂಲಮನ್ಸ್ ಎಂಬ ಮಹಾ ಆಟಗಾರ, ಈ ಆಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ವಿಶ್ವವಿಜೇತನಾದವನು, ಇಂಥ ಲೆಕ್ಕಗಳನ್ನೆಲ್ಲ ಪುಸ್ತಕ ಮಾಡಿ ಬರೆದಿಟ್ಟಿದ್ದಾನೆ. ಆದರೆ ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆ ಎಣಿಸಿದವರಿಗೆಲ್ಲ ಭಾಮಿನಿ ಒಲಿಯುವದಿಲ್ಲ. ಬಟ್ಟೆ ಹೊಸದಾಗಿದ್ದರೆ ಚೆಂಡು ಜಾರುತ್ತದೆ, ಗಾಳಿಯಲ್ಲಿ ತೇವವಿದ್ದರೆ ಓಟದ ಕೋನ ಬದಲಾಗುತ್ತದೆ. ಕೈ ಅದನ್ನು ತಿಳಿದು ಲೆಕ್ಕವನ್ನು ತಿದ್ದಬೇಕು. ಆ ತಿದ್ದುಪಡಿ ಎಲ್ಲಿ ಆಯಿತು ಎಂದು ತೋರಿಸುವದು ನೋಡಿ ಬರೆಯುವವನ ಕೆಲಸ.

ಅದಕ್ಕೆ ಮಾತು ಬೇಕು. ಮಾತು ಎಲ್ಲಿದೆ?

ಪಡಸಾಲೆಗೆ ಮರಳುವೆ. ಹುಡುಗ ಒಂದು ಹೊಡೆತವನ್ನು ಮಾವನಿಗೆ ಮೂರು ಸಲ ತೋರಿಸಿದ. ಚೆಂಡು ಅಂಚಿಗೆ ಬಡಿದ ಮೇಲೆ, ಬಂದ ಕೋನದಲ್ಲಿ ಹೋಗದೆ, ಇನ್ನಷ್ಟು ಅಗಲವಾಗಿ ಹಾರಿತು. “ಸೈಡ್ ಸ್ಪಿನ್ ಅಜ್ಜಾ,” ಎಂದ. (ಅಮೇರಿಕೆಯವರು ಇದನ್ನೇ ‘ಇಂಗ್ಲಿಷ್’ ಎನ್ನುತ್ತಾರಂತೆ. ನಾವು ಇಂಗ್ಲಿಷಿನಲ್ಲಿ ಹುಡುಕುತ್ತಿರುವದು ಅವರಲ್ಲಿ ಚೆಂಡಿನ ಗಿರಕಿಯ ಹೆಸರು!) ಮಾವ ಕನ್ನಡಕ ಸರಿಮಾಡಿಕೊಂಡು ನಾಲ್ಕನೆಯ ಸಲ ನೋಡಿ ಹೇಳಿದರು: “ಅದರಾಗ ಬಗರಿ ಐತಿ. ಓಡೂದು ಬ್ಯಾರೆ, ತಿರಗೂದು ಬ್ಯಾರೆ. ಗ್ವಾಡಿಗೆ ಬಡದಾಗ ತಿರಗೂದು ಹೊರಗ ಬರತೈತಿ.”

ನಾನು ಓದಿದ ಯಾವ ವಿವರಣೆಗಿಂತಲೂ ಇದು ನಿಚ್ಚಳವಾಗಿತ್ತು. ಬಗರಿ ಆಡಿಸದ ಹುಡುಗ ನಮ್ಮ ಕಡೆ ಒಂದು ಕಾಲಕ್ಕೆ ಇರಲಿಲ್ಲ. ಜಾಳಿಗೆ ಸುತ್ತಿ ಬಿಟ್ಟ ಬಗರಿ ಗೋಡೆಗೆ ತಾಗಿ ಸಿಡಿಯುವದನ್ನು ಕಂಡ ಕಣ್ಣಿಗೆ ಬಿಲಿಯರ್ಡ್ಸ್ ಪರಕೀಯವಲ್ಲ. ಗೋಲಿಯಾಟದಲ್ಲಿ ಸವರಿ ಹೊಡೆಯುವದು ಬೇರೆ, ನೆತ್ತಿಗೆ ಹೊಡೆಯುವದು ಬೇರೆ ಎಂದು ನಾವೆಲ್ಲ ಬಲ್ಲೆವು. ಕೇರಂ ಆಡಿದವನಿಗೆ ಅಂಚಿಗೆ ಹೊಡೆದು ಕಾಯಿ ತೆಗೆಯುವ ಗುಟ್ಟು ಗೊತ್ತು. ಈ ಆಟಗಳಿಗೆ ಪಂಪನೂ ದೊರೆಯಲಿಲ್ಲ, ಕುಮಾರವ್ಯಾಸನೂ ದೊರೆಯಲಿಲ್ಲ. ಅವುಗಳ ಮಾತು ಅಂಗಳದಲ್ಲಿಯೇ ಉಳಿಯಿತು. ಇನ್ನು ಅಂಗಳವೂ ಬರಿದಾಗುತ್ತಿದೆ. ಬಗರಿ ಎಂದರೇನೆಂದು ನನ್ನ ಅಳಿಯ ಅಂದು ಅಜ್ಜನನ್ನೇ ಕೇಳಬೇಕಾಯಿತು.

ಎಲ್ಲದಕ್ಕೂ ಹಳ್ಳಿಯಲ್ಲಿ ಮಾತು ಸಿದ್ಧವಿದೆ ಎಂದು ನಾನು ಹೇಳಲಾರೆ. ಅದು ಇನ್ನೊಂದು ಬಗೆಯ ಭ್ರಮೆ. ಮೊದಲು ತಾಗಿಸಿದ ಚೆಂಡು ತನ್ನ ದಾರಿ ಹಿಡಿದು ತಿರುಗಿ ಬಂದು ಆಟಗಾರನ ಚೆಂಡಿಗೆ ಅಡ್ಡ ಬಡಿದರೆ ಹೊಡೆತ ಕೆಡುತ್ತದೆ. ಇದಕ್ಕೆ ‘ಕಿಸ್’ ಎನ್ನುತ್ತಾರೆ. ಹುಡುಗ ನಾಚುತ್ತ ಅರ್ಥ ಹೇಳಿದಾಗ ಮಾವ ನಕ್ಕು, “ಮುದ್ದು ಕೊಟ್ರ ಆಟಾ ಕೆಡತೈತೇನೋ?” ಎಂದರೇ ಹೊರತು ಬೇರೆ ಮಾತು ಕೊಡಲಿಲ್ಲ. ಈ ಅಪಾಯವೇ ಆಟದ ಅರ್ಧ ಜೀವ. ಒಳ್ಳೆಯ ಆಟಗಾರ ತನ್ನ ಚೆಂಡಿನ ದಾರಿಯ ಜೊತೆಗೆ ಎದುರಿನದರ ದಾರಿಯನ್ನೂ ಬರೆದುಕೊಂಡೇ ಕೋಲು ಎತ್ತುತ್ತಾನೆ. ಎರಡೂ ದಾರಿಗಳು ಒಂದೆಡೆ ಕೂಡುತ್ತವೆ, ಒಂದೇ ಹೊತ್ತಿಗೆ ಮಾತ್ರ ಕೂಡಬಾರದು.

ಮರುದಿನ ಹುಡುಗನಿಗೆ ಹೇಳಿದೆ: ಆ ಹೊಡೆತವನ್ನು ಕನ್ನಡದಲ್ಲಿ ಬರೆ, ಅಜ್ಜನಿಗೆ ಓದಿ ಹೇಳು. ಸಂಜೆಗೆ ಬರೆದು ತಂದ. ಅದು ಹೀಗಿತ್ತು: “ಬಿಳಿ ಚೆಂಡು ಕೆಂಪಿನ ಮಗ್ಗುಲನ್ನು ಸವರಿ ಉದ್ದಂಚಿಗೆ ಹೋಯಿತು. ಅಲ್ಲಿಂದ ಗಿಡ್ಡಂಚಿಗೆ, ಅಲ್ಲಿಂದ ಎದುರಿನ ಉದ್ದಂಚಿಗೆ. ಮೂರನೆಯ ಅಂಚು ಬಿಟ್ಟಾಗ ಅದರ ಓಟ ಸತ್ತಿತ್ತು, ಬಗರಿ ಸತ್ತಿರಲಿಲ್ಲ. ಮೂಲೆಯಲ್ಲಿದ್ದ ಹಳದಿಗೆ ತಾಗಿತೋ ಇಲ್ಲವೋ ಎಂಬಂತೆ ತಾಗಿತು. ಎಂಥ ಅದ್ಭುತವಾದ ಹೊಡೆತ!”

ಕೊನೆಯ ವಾಕ್ಯವನ್ನು ಹೊಡೆದುಹಾಕಿದೆ. ಅದ್ಭುತವೆಂದು ಓದುಗ ಅನ್ನಬೇಕು, ಬರೆದವನಲ್ಲ. ನಮ್ಮ ಕಾವ್ಯವಿಮರ್ಶೆಯ ಅರ್ಧ ಪಾಲು ಈ ಒಂದು ವಾಕ್ಯದಿಂದಲೇ ತುಂಬಿದೆ. ಉದ್ದಂಚು, ಗಿಡ್ಡಂಚು ಎಂಬ ಮಾತುಗಳು ಅವನವೇ, ಹಾಗೇ ಇರಲೆಂದೆ. ಮೂರನೆಯ ವಾಕ್ಯಕ್ಕೆ ಮಾತ್ರ ನಾನು ಸುಮ್ಮನಾದೆ. ನಾನು ಬರೆದಿದ್ದರೆ ಅದು ಬರುತ್ತಿರಲಿಲ್ಲ.

ತಪ್ಪು ಹಿಡಿದವರು ಮಾವ. ಕಣ್ಣು ಮುಚ್ಚಿ ಕೇಳಿ, “ಕೆಂಪಂದು ಎಲ್ಲಿ ಹೋತು?” ಎಂದರು. ಹುಡುಗ ಅದನ್ನು ಬರೆಯಲು ಮರೆತಿದ್ದ, ನನಗೂ ಹೊಳೆದಿರಲಿಲ್ಲ. ಕೆಂಪು ಚೆಂಡು ಬಿಳಿಯದಕ್ಕೆ ಎಲ್ಲಿ ಅಡ್ಡ ಬರುವದಿತ್ತು, ಎಷ್ಟರಲ್ಲಿ ತಪ್ಪಿತು ಎಂದು ನೋಡಲು ಅವನು ಮೊಬೈಲು ತೆಗೆದುಕೊಂಡು ಕಟ್ಟೆಗೆ ಹೋದ. ಎರಡನೆಯ ಸಲ ಬರೆಯುತ್ತಿದ್ದಾನೆ.