ಎಲ್ಲರ ಸಪ್ಲಯರ್

ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಎಂಬ ಗಾದೆ ಕೇಳದ ಕನ್ನಡಿಗರು ಕಡಿಮೆ. ಮದುವೆ ಮನೆಯಲ್ಲಿ ಉಪ್ಪು, ಕೋಸಂಬರಿ, ಪಲ್ಯ ಎಲ್ಲರ ಎಲೆಗೂ ಬೀಳುತ್ತದೆ. ಹೋಳಿಗೆಯ ಎರಡನೆಯ ಸುತ್ತು, ತುಪ್ಪದ ಮಿಳ್ಳೆ ಎಲ್ಲಿಯವರೆಗೆ ಬಂದು ತಿರುಗುತ್ತದೆ ಎಂಬುದು ಬಡಿಸುವ ಕೈಗೆ ಬಿಟ್ಟದ್ದು. ಸೌಟು ಹಿಡಿದವನಿಗೆ ಒಂದು ಅಧಿಕಾರವಿದೆ, ಆ ಅಧಿಕಾರ ನಮ್ಮ ಕಡೆ ವಾಲಿದ್ದರೆ ಒಳ್ಳೆಯದು ಎಂಬ ಲೋಕಾನುಭವ ಆ ಗಾದೆಯಲ್ಲಿದೆ. ಹೋಟೆಲಿಗೆ ಹೋಗುವಾಗಲೂ ನಾವು ಇದೇ ಆಸೆಯನ್ನು ಕಟ್ಟಿಕೊಂಡು ಹೋಗುತ್ತೇವೆ. ಸಪ್ಲಯರ್ ನಮ್ಮ ಗುರುತು ಹಿಡಿಯಬೇಕು, ಫ್ಯಾನಿನ ಕೆಳಗಿನ ಟೇಬಲ್ ಕೊಡಬೇಕು, ಕಾವಲಿಯಿಂದ ಇಳಿದ ಮೊದಲ ದೋಸೆ ನಮಗೇ ತರಬೇಕು. ‘ಅಲ್ಲಿ ಸರ್ವಿಸ್ ಚೆನ್ನಾಗಿದೆ’ ಎಂದು ಯಾರಾದರೂ ಹೇಳಿದರೆ ಸ್ವಲ್ಪ ಕೆದಕಿ ನೋಡಿ, ಅಲ್ಲಿ ತಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದಷ್ಟೇ ಸಿಗುತ್ತದೆ. ಈ ನಿರೀಕ್ಷೆ ಸಹಜವಾದದ್ದೇ. ಆದರೆ ಅಳತೆಗೋಲಾಗಿ ಅದು ತಪ್ಪು. ಮದುವೆಗೆ ಕರೆಸಿಕೊಂಡವರು ಬರುತ್ತಾರೆ. ಹೋಟೆಲಿಗೆ ಹಸಿದವರು ಬರುತ್ತಾರೆ, ಎಲ್ಲರೂ ಒಂದೇ ದರ ಕೊಡುತ್ತಾರೆ. ಅಲ್ಲಿ ಬಡಿಸುವವನು ಯಾರ ಕಡೆಯವನೂ ಆಗದೆ ಎಲ್ಲರ ಮೇಲೂ ಕಣ್ಣಿಟ್ಟಿರುವುದೇ ಕಸುಬಿನ ಮೊದಲ ಗುಣ. ನಗು, ವೇಗ, ವಿನಯವೆಲ್ಲ ಆಮೇಲಿನವು.

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಸಪ್ಲಯರ್‌ಗಳು ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಟೇಬಲ್‌ಗಳ ನಡುವೆ ನುಸುಳಿ ಬರುವ ದೃಶ್ಯ ಪ್ರಸಿದ್ಧ. ಫೋಟೊ ತೆಗೆಯುವವರಿಗೆ ಅದರಲ್ಲಿ ತೋಳಿನ ಬಲ ಕಾಣುತ್ತದೆ. ನಿಜವಾಗಿ ಕಷ್ಟದ ಕೆಲಸ ಆ ತೋಳಿನದಲ್ಲ. ಮಸಾಲೆ ದೋಸೆ ದೊಡ್ಡ ಕಾವಲಿಯಿಂದ ಒಂದೊಂದಾಗಿ ಬರುವುದಿಲ್ಲ, ಒಂದು ಹಂಚು ಇಳಿದಾಗ ಒಟ್ಟಿಗೆ ಬರುತ್ತದೆ. ಪರಿಚಯವಿಲ್ಲದ ನಾಲ್ವರು ಒಂದೇ ಟೇಬಲ್ಲಿನಲ್ಲಿ ಕೂತಿರುತ್ತಾರೆ. ಒಬ್ಬ ಮೊದಲು ಬಂದವನು, ಇಬ್ಬರು ಆಮೇಲೆ ಬಂದ ಜೋಡಿ, ಇನ್ನೊಬ್ಬನದು ತಿಂದು ಮುಗಿದು ಕಾಫಿ ಬಾಕಿ. ಪಕ್ಕದ ಟೇಬಲ್ಲಿನ ಸಂಸಾರಕ್ಕೆ ನಾಲ್ಕೂ ಒಟ್ಟಿಗೆ ಬೇಕು, ಇಲ್ಲದಿದ್ದರೆ ಮಕ್ಕಳು ಅಳುತ್ತವೆ. ಇಳಿದ ಹಂಚನ್ನು ಪೂರ್ತಿ ಸಂಸಾರಕ್ಕೆ ಕೊಟ್ಟರೆ ಬಿಲ್ ದೊಡ್ಡದು, ಒಂಟಿ ಗಿರಾಕಿಗೆ ಮೊದಲು ಕೊಟ್ಟರೆ ನ್ಯಾಯ. ಚೀಟಿಯಲ್ಲಿ ಬರೆದುಕೊಳ್ಳದೆ, ಯಾರನ್ನೂ ಮತ್ತೊಮ್ಮೆ ಕೇಳದೆ, ನಡೆಯುತ್ತಲೇ ಈ ಲೆಕ್ಕ ತೀರಿಸುವುದು ಕಸುಬು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್‌ನ ಊಟದಲ್ಲಿ ಇದೇ ಕೆಲಸ ಬೇರೆ ರೂಪದಲ್ಲಿ ನಡೆಯುತ್ತದೆ. 1924ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಊಟ ಒಂದರ ಹಿಂದೆ ಒಂದಾಗಿ ಬರುತ್ತದೆ, ಬಡಿಸುವವರು ಪಾತ್ರೆ ಹಿಡಿದು ಸುತ್ತುತ್ತಾರೆ. ಹಾಗೆ ಸುತ್ತುವವನು ತಟ್ಟೆ ನೋಡಿ ಬಡಿಸಬೇಕು. ಮುಖ ನೋಡಿ ಮಣೆ ಹಾಕುವ ಅಭ್ಯಾಸ ಅವನಿಗೆ ಒಮ್ಮೆ ಹತ್ತಿತೆಂದರೆ ಮೂಲೆಯ ತಟ್ಟೆಗಳು ಖಾಲಿಯಾಗಿಯೇ ಉಳಿಯುತ್ತವೆ.

ಹಾಗಾದರೆ ಮರ್ಯಾದೆ ಬೇಡವೇ, ಗೊಣಗುವ ಸಪ್ಲಯರ್ ಕೂಡ ಒಳ್ಳೆಯವನೇ ಎಂದು ಕೇಳಬಹುದು. ಹಳೆಯ ಹೋಟೆಲುಗಳ ಬಗ್ಗೆ ಬರೆಯುವವರಲ್ಲಿ ಆ ಗೊಣಗಾಟವನ್ನು ಮೆಚ್ಚಿ ಮುದ್ದಾಡುವ ಒಂದು ಖಯಾಲಿಯೂ ಇದೆ, ನನಗದು ಒಪ್ಪಿಗೆಯಿಲ್ಲ. ಸಿಡುಕು ಸಿಡುಕೇ. ಆದರೆ ಸಿಡುಕಿಗಿಂತ ದೊಡ್ಡ ಅವಮಾನ, ಒಬ್ಬರಿಗೆ ನಗು ಇನ್ನೊಬ್ಬರಿಗೆ ಸಿಡುಕು ಎಂದು ಹಂಚುವುದು. ಈ ಹಂಚಿಕೆಗೆ ನಮ್ಮಲ್ಲಿ ಹಳೆಯ ಚರಿತ್ರೆಯಿದೆ. ದಕ್ಷಿಣ ಭಾರತದ ಕಾಫಿ ಕ್ಲಬ್ಬುಗಳಲ್ಲಿ ಬ್ರಾಹ್ಮಣರಿಗೆಂದೇ ಬೇರೆ ಕೋಣೆ ಇರುತ್ತಿದ್ದ ಕಾಲವಿತ್ತು. ಮದ್ರಾಸಿನ ಟ್ರಿಪ್ಲಿಕೇನ್‌ನಲ್ಲಿ ಒಂದು ಹೋಟೆಲಿನ ಫಲಕದಲ್ಲಿದ್ದ ‘ಬ್ರಾಹ್ಮಣ’ ಎಂಬ ಮಾತಿನ ವಿರುದ್ಧ ಪೆರಿಯಾರ್ 1957ರಲ್ಲಿ ಚಳವಳಿ ಹೂಡಿದರು. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಅದಕ್ಕಿಂತ ಬಹಳ ವರ್ಷ ಬಾಳಿತು. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ ಅಂಗಡಿಗಳ ಜೊತೆಗೆ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿಯೇ ಅಲ್ಲಿ ಭೇದ ಕೂಡದೆಂದು ಹೇಳುವುದು ಸುಮ್ಮನೆ ಅಲ್ಲ. ಬಾಗಿಲು ತೆರೆದಿಟ್ಟರೆ ಸಾಲದು, ಒಳಗೆ ಕೂತವನಿಗೆ ನೀರಿನ ಲೋಟ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರಲ್ಲೂ ಸಮಾನತೆ ಇರಬೇಕು. ಇಂದು ಜಾತಿಯ ಜಾಗಕ್ಕೆ ಬಟ್ಟೆ, ಇಂಗ್ಲಿಷು, ಕಾರಿನ ಕೀಲಿ ಬಂದಿವೆ. ಮಾಸಿದ ಅಂಗಿಯವನು ಇವತ್ತಿಗೂ ಎರಡು ಸಲ ಕೈ ಎತ್ತಬೇಕಾಗುತ್ತದೆ. ಗಿರಾಕಿಗಳ ಮೆಚ್ಚುಗೆಯ ಮಾತುಗಳಲ್ಲಿ ಈ ಸಂಗತಿ ಬರುವುದೇ ಇಲ್ಲ, ಏಕೆಂದರೆ ಮೆಚ್ಚುವವರು ಮೊದಲ ಸಲಕ್ಕೇ ನೀರು ಪಡೆದವರು.

ಎರಡನೆಯ ಗುಣ ನಿಜ ಹೇಳುವುದು. ‘ತಿಂಡಿ ಏನಿದೆ?’ ಎಂದಾಗ ಉಸಿರು ಬಿಡದೆ ಇಡೀ ಪಟ್ಟಿ ಒಪ್ಪಿಸುವ ಸಪ್ಲಯರ್ ಚುರುಕು ಎನಿಸುತ್ತಾನೆ. ಅದೇ ಪಟ್ಟಿಯಲ್ಲಿ ‘ಪೂರಿ ತಡ ಆಗತ್ತೆ, ಖಾರಾಬಾತ್ ಈಗ ಇಳಿದಿದೆ’ ಎಂದು ಸೇರಿಸುವವನು ಅವನಿಗಿಂತ ಮೇಲು. ಗಿರಾಕಿಗೆ ಅಡುಗೆಮನೆ ಕಾಣುವುದಿಲ್ಲ; ಅಲ್ಲಿಯ ಸುದ್ದಿಯನ್ನು ಪ್ರಾಮಾಣಿಕವಾಗಿ ಹೊರಗೆ ತರಲು ಇರುವವನು ಅವನೊಬ್ಬನೇ. 10 ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ನಮೂದಿಸಬೇಕು, ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಬೀದಿಯ ಸಣ್ಣ ಹೋಟೆಲಿಗೆ ಅದು ಅನ್ವಯಿಸುವುದಿಲ್ಲ. ಚಟ್ನಿಯಲ್ಲಿ ಕಡಲೆಕಾಯಿ ಬೀಜ ಇದೆಯೇ, ಸಾಂಬಾರಿಗೆ ಬೆಳ್ಳುಳ್ಳಿ ಹಾಕಿದ್ದಾರೆಯೇ, ಕೇಸರಿಬಾತಿಗೆ ತುಪ್ಪವೋ ವನಸ್ಪತಿಯೋ ಎಂಬುದಕ್ಕೆಲ್ಲ ಅಲ್ಲಿ ಸಪ್ಲಯರ್‌ನ ಮಾತೇ ಆಧಾರ. ಬೆಂಗಳೂರಿನಲ್ಲಿ ಈಗ ಕೇಳಿಬರುವ ‘ಸಪ್ಲಯರ್‌ಗಳಿಗೆ ಕನ್ನಡ ಬರುವುದಿಲ್ಲ’ ಎಂಬ ದೂರನ್ನು ಈ ಬೆಳಕಿನಲ್ಲಿ ನೋಡಬೇಕು. ಅದನ್ನು ಬರೀ ಭಾಷಾಭಿಮಾನದ ತಕರಾರೆಂದು ತಳ್ಳಿಹಾಕುವವರು ಹೋಟೆಲಿನ ಕೆಲಸವನ್ನೇ ಅರಿತವರಲ್ಲ: ಊರಿನ ಮಾತು ಬಾರದವನು ತಟ್ಟೆ ಸಾಗಿಸಬಲ್ಲ, ಸುದ್ದಿ ಸಾಗಿಸಲಾರ. ಹಾಗೆಂದು ಅಸ್ಸಾಮಿನಿಂದಲೋ ಒಡಿಶಾದಿಂದಲೋ ಕಳೆದ ವಾರ ಬಂದಿಳಿದ ಹುಡುಗನ ಮೇಲೆ ಹರಿಹಾಯುವುದು ಹೇಡಿತನ. ಅವನಿಗೆ ಅಡುಗೆಮನೆಯ ಒಂದಷ್ಟು ಕನ್ನಡ ಕಲಿಸದೆ ಟೇಬಲ್ಲಿಗೆ ಕಳಿಸಿದವರು ಗಲ್ಲಾದ ಹಿಂದೆ ಕೂತಿರುತ್ತಾರೆ. ಉಡುಪಿ, ಕುಂದಾಪುರದ ಕಡೆಯ ಹುಡುಗರು ಮುಂಬೈಗೆ ಹೋಗಿ ಹೋಟೆಲುಗಳಲ್ಲಿ ದುಡಿದ ಕಾಲದಲ್ಲಿ ಅವರೂ ಮರಾಠಿ, ಹಿಂದಿಗಳನ್ನು ಕೆಲಸದ ನಡುವೆಯೇ ಕಲಿತರು. ಅಲ್ಲಿಯ ಕನ್ನಡಿಗರು ಇಂಥ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನೇ ನಡೆಸಿದರು.

ಈ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಟಿಪ್ಸಿನದು. ಚೆನ್ನಾಗಿ ನೋಡಿಕೊಂಡವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಅವನಿಗೂ ಉತ್ಸಾಹ, ನಮಗೂ ತೃಪ್ತಿ, ಅದರಲ್ಲಿ ತಪ್ಪೇನು ಎನ್ನುತ್ತಾರೆ. ಕೊಡುವ ಕೈಯ ಔದಾರ್ಯವನ್ನು ಪ್ರಶ್ನಿಸಬೇಕಾಗಿಲ್ಲ. ಆದರೆ ದಿನವೂ ಬರುವವನು ಬಿಲ್ಲಿನ ಪುಸ್ತಕದಲ್ಲಿ ಇಟ್ಟುಹೋಗುವ ನೋಟು ನಿನ್ನೆಯ ಸೇವೆಗೆ ಕೊಟ್ಟ ಮೆಚ್ಚುಗೆಗಿಂತ ನಾಳೆಯ ಟೇಬಲ್ಲಿಗೆ ಕೊಟ್ಟ ಮುಂಗಡವಾಗಿ ಕೆಲಸ ಮಾಡುತ್ತದೆ. ಬಡಿಸುವವನನ್ನು ನಮ್ಮವನಾಗಿಸಿಕೊಳ್ಳುವ ಹಳೆಯ ಆಸೆಗೆ ಅದು ನಗದು ರೂಪ. ಈ ಪದ್ಧತಿ ಪೂರ್ತಿ ಬೆಳೆದರೆ ಏನಾಗುತ್ತದೆಂದು ಅಮೆರಿಕದಲ್ಲಿ ನೋಡಬಹುದು. ಅಲ್ಲಿ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ಕೊಡಬೇಕಾದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ, ಉಳಿದದ್ದು ಗಿರಾಕಿಯ ಮರ್ಜಿ. ನ್ಯೂಯಾರ್ಕಿನ ಹೆಸರಾಂತ ಹೋಟೆಲು ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ಟಿಪ್ಸ್ ನಿಲ್ಲಿಸಿ, ಅದನ್ನು ತಿಂಡಿಯ ದರದಲ್ಲೇ ಸೇರಿಸಲು ಹೊರಟರು. 2020ರಲ್ಲಿ ಪ್ರಯತ್ನ ಕೈಬಿಟ್ಟರು. ಒಮ್ಮೆ ಬೇರೂರಿದ್ದನ್ನು ಒಬ್ಬ ಮಾಲೀಕ ಕೀಳಲಾರ. ನಮ್ಮಲ್ಲಿ ಅದಿನ್ನೂ ಅಷ್ಟು ಬೇರೂರಿಲ್ಲ ಎಂಬುದು ಅದೃಷ್ಟ. ಬದಲಿಗೆ ದೊಡ್ಡ ರೆಸ್ಟೋರೆಂಟುಗಳು ಸರ್ವಿಸ್ ಚಾರ್ಜ್ ಎಂಬ ಸಾಲನ್ನು ಬಿಲ್ಲಿಗೆ ತಾವೇ ಸೇರಿಸಿದವು. ಎಲ್ಲರಿಂದ ಒಂದೇ ಪ್ರಮಾಣದಲ್ಲಿ ತೆಗೆದುಕೊಳ್ಳುವುದರಿಂದ ಇದು ಪಕ್ಷಪಾತಕ್ಕೆ ಮದ್ದು ಎಂದು ವಾದಿಸಬಹುದಿತ್ತು. ಆದರೆ ಆ ಹಣದಲ್ಲಿ ಎಷ್ಟು ಪಾಲು ಸಪ್ಲಯರ್ ಕೈ ಸೇರುತ್ತದೆ ಎಂಬುದು ಬಿಲ್ಲಿನಲ್ಲಿ ಇರಲಿಲ್ಲ. ಬಿಲ್ಲಿಗೆ ತಾನಾಗಿ ಅದನ್ನು ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲು ಸಂಘಟನೆಗಳು ಅದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್‌ನಲ್ಲಿ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಕಾನೂನಿನ ಮಾತು ಸರಿ. ದುಡಿದವನ ಸಂಬಳ ತಿಂಡಿಯ ದರದೊಳಗೇ ಇರಬೇಕು, ಉದ್ದಿನಬೇಳೆಯ ಬೆಲೆ ಇರುವ ಹಾಗೆ.

ಇನ್ನೊಂದು ಆಕ್ಷೇಪ ಬೆಂಗಳೂರೇ ಹುಟ್ಟಿಸಿದ್ದು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿ ಶುರುವಾದ ಮೇಲೆ ಊರಿನ ತುಂಬ ದರ್ಶಿನಿಗಳು ಎದ್ದವು. ಹಣ ಕೊಟ್ಟು ಚೀಟಿ ಪಡೆ, ಕೌಂಟರಿನಲ್ಲಿ ಕೊಡು, ತಟ್ಟೆ ಎತ್ತಿಕೋ, ನಿಂತು ತಿನ್ನು. ಮುಖ ನೋಡುವವರೇ ಇಲ್ಲ. ಸರತಿಗಿಂತ ನಿಷ್ಪಕ್ಷಪಾತಿ ಯಾರಿದ್ದಾರೆ? ಟಿಪ್ಸಿಲ್ಲ, ಗೊಣಗಾಟವಿಲ್ಲ, ಅಡುಗೆಮನೆ ಕಣ್ಣೆದುರೇ. ಆಟೊ ಚಾಲಕ, ಕಂಪನಿಯ ಮ್ಯಾನೇಜರ್ ಒಂದೇ ಕಟ್ಟೆಯ ಮೇಲೆ ಲೋಟ ಇಡುತ್ತಾರೆ. ಸಮಾನತೆಯೇ ಅಳತೆಗೋಲಾದರೆ ಸಪ್ಲಯರ್ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ, ದರ್ಶಿನಿ ಮಾಡಿದ ಉಪಕಾರವೂ ಸಣ್ಣದಲ್ಲ. ಆದರೂ ಸರತಿಗೆ ಕಣ್ಣಿಲ್ಲ. ಮಂಡಿ ನೋವಿನ ಅಜ್ಜಿಗೂ ಕಾಲೇಜು ಹುಡುಗನಿಗೂ ಅದು ಒಂದೇ ಎತ್ತರದ ಕಟ್ಟೆಯನ್ನು ಕೊಡುತ್ತದೆ. ಕಂಕುಳಲ್ಲಿ ಮಗು ಇರುವ ತಾಯಿ ಬಿಸಿ ಸಾಂಬಾರಿನ ತಟ್ಟೆಯನ್ನು ಒಂದೇ ಕೈಯಲ್ಲಿ ಹೊರಬೇಕು. ಓದಲು ಬಾರದವನಿಗೆ ಗೋಡೆಯ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಎಲ್ಲರಿಗೂ ಒಂದೇ ಸಮ ಎಂದರೆ ಎಲ್ಲರಿಗೂ ಒಂದೇ ಥರ ಎಂದಲ್ಲ. ಯಾರಿಗೆ ಏನು ಬೇಕೆಂದು ನೋಡಿ, ಆ ನೋಟದಲ್ಲಿ ಯಾರನ್ನೂ ಬಿಡದಿರುವುದು ಮನುಷ್ಯನಿಂದ ಮಾತ್ರ ಆಗುವ ಕೆಲಸ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದಲೂ ನಿಂತು ತಿನ್ನುವ ಜಾಗವೇ, ಇಡ್ಲಿ ವಡೆಗೆ ಅಲ್ಲಿ ಸಾಂಬಾರಿಲ್ಲ, ಚಟ್ನಿಯಷ್ಟೇ. ತಟ್ಟೆ ಒಣಗಿದವರಿಗೆ ಕೇಳಿದಷ್ಟು ಸಲ ಚಟ್ನಿ ಹಾಕಲು ಮಾತ್ರ ಅಲ್ಲಿ ಒಂದು ಕೈ ಸದಾ ಸಿದ್ಧ. ಆ ಅಂಗಡಿಯ ಕೀರ್ತಿಯಲ್ಲಿ ಆ ಕೈಗೂ ಪಾಲಿದೆ.

ದರ್ಶಿನಿಗೆ ಪೂರ್ತಿ ವಿರುದ್ಧ ತುದಿಯಲ್ಲಿರುವುದು ಹೊಸ ದುಬಾರಿ ರೆಸ್ಟೋರೆಂಟು. ಅಲ್ಲಿ ಗಮನಕ್ಕೇನೂ ಕೊರತೆಯಿಲ್ಲ. ಕುರ್ಚಿ ಎಳೆಯುತ್ತಾರೆ, ಹೆಸರು ಹೇಳಿ ಪರಿಚಯಿಸಿಕೊಳ್ಳುತ್ತಾರೆ, ಎರಡು ತುತ್ತಿಗೊಮ್ಮೆ ಬಂದು ‘ಎಲ್ಲ ಚೆನ್ನಾಗಿದೆಯಾ ಸರ್’ ಎನ್ನುತ್ತಾರೆ. ಮಾತು ಕಂಠಪಾಠ, ಅದರ ಗುರಿ ಬಿಲ್ಲು. ಕೂತ ಕೂಡಲೇ ಬಾಟಲ್ ನೀರೋ ಮಾಮೂಲಿ ನೀರೋ ಎಂದು ಕೇಳುವ ಧಾಟಿಯಲ್ಲೇ ಮಾಮೂಲಿ ನೀರು ಕೇಳುವವನನ್ನು ಸಣ್ಣವನನ್ನಾಗಿಸುವ ಉಪಾಯವಿದೆ. ಗಿರಾಕಿಗಳು ಇದನ್ನೇ ಉತ್ತಮ ಸೇವೆಯೆಂದು ಅಂಕ ಕೊಟ್ಟು ಹೋಗುವುದು ಸೋಜಿಗ.

ಇಷ್ಟೆಲ್ಲ ಗುಣಗಳನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟುವುದು ಅನ್ಯಾಯವಾದೀತು ಎಂಬ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಸಪ್ಲಯರ್ ನಿಷ್ಪಕ್ಷಪಾತಿಯಾಗಿರಬೇಕಾದರೆ ಅವನ ಮೇಲೆ ಬೇರೆ ಒತ್ತಡ ಇರಬಾರದು. ಇಂಡಿಯನ್ ಕಾಫಿ ಹೌಸ್ ಇದಕ್ಕೆ ಒಳ್ಳೆಯ ನಿದರ್ಶನ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಬಿಳಿ ಸಮವಸ್ತ್ರ, ತಲೆಗೆ ಪೇಟ ತೊಟ್ಟು ಕಾಫಿ ತರುವವನೇ ಅಲ್ಲಿ ಪಾಲುದಾರ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋದಾಗ ಊರು ಅದಕ್ಕಾಗಿ ಮರುಗಿತು. ಅಲ್ಲಿಯ ಸೇವೆ ಚುರುಕಾಗಿತ್ತು ಎಂದು ಯಾರೂ ಹೊಗಳಿದ್ದಿಲ್ಲ. ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಕೂತವರನ್ನು ಎಬ್ಬಿಸುತ್ತಿರಲಿಲ್ಲ, ಅಷ್ಟೆ. ಟೇಬಲ್ ಬೇಗ ಖಾಲಿ ಮಾಡಿಸೆಂದು ಬೆನ್ನಿಗೆ ಬಿದ್ದ ಮಾಲೀಕ ಇಲ್ಲದಿದ್ದಾಗ ಸಪ್ಲಯರ್ ಹೇಗಿರಬಲ್ಲ ಎಂಬುದು ಅಲ್ಲಿ ಕಾಣುತ್ತಿತ್ತು. ಹಾಗಾಗಿ ಸೇವೆ ಕೆಟ್ಟದ್ದೆನಿಸಿದಾಗ ಮೊದಲು ಎಣಿಸಬೇಕಾದ್ದು ಒಬ್ಬನಿಗೆ ವಹಿಸಿರುವ ಟೇಬಲ್ಲುಗಳನ್ನು. ‘ಏಯ್’ ಎಂದು ಚಿಟಿಕೆ ಹೊಡೆಯುವ ಗಿರಾಕಿಯನ್ನೂ ಈ ಲೆಕ್ಕದಿಂದ ಬಿಡಲಾಗದು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಆದರೆ ನಲವತ್ತು ದಾಟಿದವನನ್ನೂ ಹುಡುಗ ಎಂದೇ ಕೂಗುವ ನಮ್ಮ ಚಾಳಿಗೆ ಯಾವ ಕಾಯ್ದೆಯೂ ಅಡ್ಡ ಬಂದಿಲ್ಲ. ಎಲ್ಲರನ್ನೂ ಸಮಾನವಾಗಿ ನೋಡು ಎಂದು ಅವನಿಂದ ಬಯಸುವವರು ಅವನನ್ನು ನೋಡುವ ರೀತಿ ಇದು.

ದರ್ಶಿನಿ ನಡೆಸುವವರಲ್ಲಿ ಒಂದು ವಿನಂತಿ. ಒಂದು ಮೂಲೆಯಲ್ಲಿ ಎರಡು ಟೇಬಲ್, ನಾಲ್ಕು ಕುರ್ಚಿ ಹಾಕಿ, ನಿಲ್ಲಲಾಗದವರಿಗೆ ತಟ್ಟೆ ತಂದುಕೊಡಲು ಊರಿನ ಮಾತು ಬಲ್ಲ ಒಬ್ಬರನ್ನು ನೇಮಿಸಿ. ಅವರ ಸಂಬಳವನ್ನು ದೋಸೆಯ ದರಕ್ಕೇ ಸೇರಿಸಿ. ಒಂದೆರಡು ರೂಪಾಯಿ ಹೆಚ್ಚಾದರೆ ಗಿರಾಕಿಗಳು ಕೊಡುತ್ತಾರೆ.