ಮಿಷನರಿಯ ಮಕ್ಕಳು: ‘ದಿ ಪಾಯಿಸನ್‌ವುಡ್ ಬೈಬಲ್’ ಕಾದಂಬರಿಯ ಒಂದು ಓದು

ಬಾರ್ಬರಾ ಕಿಂಗ್‌ಸಾಲ್ವರ್ ಅವರ ‘ದಿ ಪಾಯಿಸನ್‌ವುಡ್ ಬೈಬಲ್’ (1998) ಕಾದಂಬರಿಯನ್ನು ಮಿಷನರಿ ಕಾರ್ಯದ ಖಂಡನೆಯೆಂದು ಓದುವುದೇ ರೂಢಿ. ಧರ್ಮಸಭೆಯ ಒಳಗಿನವರು ಅದನ್ನು ಬದಿಗಿಡುವುದಕ್ಕೂ ಹೊರಗಿನವರು ಎತ್ತಿಹಿಡಿಯುವುದಕ್ಕೂ ಕಾರಣ ಒಂದೇ. ಕೃತಿಯ ನಿಜವಾದ ತೂಕವಿರುವುದು ಬೇರೆಡೆ. ಇಲ್ಲಿ ಸುವಾರ್ತಾಸೇವೆಯನ್ನು ನೋಡುವ ಕಣ್ಣುಗಳು ಬಹುಮಟ್ಟಿಗೆ ಹದಿಹರೆಯದ ಹೆಣ್ಣುಮಕ್ಕಳವು; ಆ ಸೇವೆಗೆ ಅವರ ಸಮ್ಮತಿಯನ್ನು ಯಾರೂ ಕೇಳಿರಲಿಲ್ಲ.

1959ರಲ್ಲಿ ಅಮೆರಿಕದ ಜಾರ್ಜಿಯಾದಿಂದ ಬ್ಯಾಪ್ಟಿಸ್ಟ್ ಬೋಧಕ ನೇಥನ್ ಪ್ರೈಸ್ ಪತ್ನಿ ಹಾಗೂ ನಾಲ್ವರು ಪುತ್ರಿಯರೊಡನೆ ಬೆಲ್ಜಿಯನ್ ಕಾಂಗೋದ ಕಿಲಾಂಗಾ ಗ್ರಾಮಕ್ಕೆ ಬರುತ್ತಾನೆ. ಹದಿನಾಲ್ಕರ ಲಿಯಾ ತಂದೆಯೊಡನೆ ತೋಟದಲ್ಲಿ ದುಡಿಯುತ್ತಾಳೆ. ಮಣ್ಣನ್ನು ದಿಬ್ಬವಾಗಿಸಿ ಬಿತ್ತಬೇಕೆಂದು ಮನೆಗೆಲಸದ ಮಾಮಾ ಟಟಾಬಾ ಹೇಳಿದರೂ ಆತ ಕೇಳುವುದಿಲ್ಲ. ಸುರಿದ ಮಳೆಗೆ ಬೀಜಗಳೆಲ್ಲ ಕೊಚ್ಚಿಹೋಗುತ್ತವೆ. ಮೊಸಳೆಗಳಿರುವ ನದಿಯಲ್ಲಿಯೇ ಮಕ್ಕಳಿಗೆ ದೀಕ್ಷಾಸ್ನಾನವಾಗಬೇಕೆಂಬ ಹಠ ಅವನದು. ಯೇಸು ಅಮೂಲ್ಯನೆಂದು ಸಾರಹೊರಟು, ಉಚ್ಚಾರದೋಷದಿಂದ ಯೇಸುವನ್ನು ವಿಷಮರವೆಂದು ಸಾರುತ್ತಾನೆ. ಇವನ್ನೆಲ್ಲ ಕಾಣುವ ಲಿಯಾಳಿಗೆ ತಂದೆಯ ಮೇಲಿನ ನಂಬಿಕೆ, ದೇವರ ಮೇಲಿನ ನಂಬಿಕೆ ಎಂಬ ಎರಡು ಎಳೆಗಳಿಲ್ಲ, ಒಂದೇ ಹಗ್ಗವಿದೆ. ಒಂದು ಸಡಿಲವಾದಾಗ ಇನ್ನೊಂದೂ ಸಡಿಲವಾಗುವುದನ್ನು ಲೇಖಕಿ ಅವಸರವಿಲ್ಲದೆ ತೋರಿಸುತ್ತಾರೆ.

ಅವಳ ಅವಳಿ ಏಡಾಳ ಕಥೆ ಇನ್ನೂ ಕಠೋರ. ಕಾಂಗೋದಲ್ಲಿ ಹುಟ್ಟಿದ ಮಾತ್ರಕ್ಕೆ ಮಕ್ಕಳು ನರಕಕ್ಕೆ ಹೋಗಬೇಕೇ ಎಂದು ಬಾಲ್ಯದಲ್ಲಿ ಭಾನುವಾರದ ಶಾಲೆಯಲ್ಲಿ ಕೇಳಿದ್ದಕ್ಕೆ ಅವಳನ್ನು ಅಕ್ಕಿಕಾಳುಗಳ ಮೇಲೆ ಮೊಣಕಾಲೂರಿಸಿ ಪ್ರಾರ್ಥಿಸಲು ಹಚ್ಚುತ್ತಾರೆ. ಎದ್ದಾಗ ಅವಳಲ್ಲಿ ವಿಶ್ವಾಸ ಉಳಿದಿರುವುದಿಲ್ಲ. ಮನೆಯಲ್ಲಿಯೂ ತಪ್ಪಿಗೆ ಶಿಕ್ಷೆ ಬೈಬಲಿನ ನೂರು ವಚನಗಳ ಪ್ರತಿ. ದೇವವಾಕ್ಯ ದಂಡನೆಯ ಸಾಧನವಾದ ಮನೆಯಿಂದ ಸುವಾರ್ತೆ ಹೊರಡುವುದು ಹೇಗೆ? ಧರ್ಮೋಪದೇಶವನ್ನು ಕಲಿಸುವ ನಮ್ಮಂಥವರು ಈ ಪುಟಗಳನ್ನು ದಾಟಿಹೋಗುವಂತಿಲ್ಲ.

ಕೊರತೆಗಳೂ ಇವೆ. ತಾಯಿ, ನಾಲ್ವರು ಮಕ್ಕಳು ಮಾತನಾಡುತ್ತಾರೆ. ನೇಥನ್‌ಗೆ ಒಂದು ಅಧ್ಯಾಯವೂ ಇಲ್ಲ. ಬಟಾನ್‌ನಲ್ಲಿ ತನ್ನ ತುಕಡಿ ಸತ್ತು ತಾನೊಬ್ಬ ಬದುಕಿದ ಅಪರಾಧಭಾವವೇ ಅವನ ಉಗ್ರತೆಯ ಮೂಲವೆಂಬ ಸುಳಿವಿದ್ದರೂ ಅವನ ಏಕಾಂತದ ಪ್ರಾರ್ಥನೆ ನಮಗೆ ಕೇಳಿಸದು. ಹೀಗಾಗಿ ಅವನನ್ನು ತೀರ್ಪಿಗೊಳಪಡಿಸುವುದು ಓದುಗನಿಗೆ ತೀರ ಸುಲಭವಾಗುತ್ತದೆ. ಉತ್ತರಾರ್ಧದಲ್ಲಿ ಸಹೋದರಿಯರು ವ್ಯಕ್ತಿಗಳಾಗಿ ಉಳಿಯದೆ ರಾಜಕೀಯ ನಿಲುವುಗಳ ಪ್ರತಿನಿಧಿಗಳಾಗುತ್ತಾರೆ.

ಮಿಷನ್ನಿನ ಸಕಾರಾತ್ಮಕ ದೈವಶಾಸ್ತ್ರ ಇರುವುದು ಹಿಂದಿನ ಬೋಧಕ ಬ್ರದರ್ ಫೌಲ್ಸ್‌ನಲ್ಲಿ. ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯದ ಕಾಡು ಓಲಿವ್ ಕೊಂಬೆಯನ್ನು ಅವನು ತನಗೇ ಅನ್ವಯಿಸಿಕೊಳ್ಳುತ್ತಾನೆ: ಕಸಿಯಾದ ಕೊಂಬೆ ಬಂದ ಬಿಳಿಯ, ಬೇರು ಆಫ್ರಿಕಾದ್ದು. ಪೌಲನ ವಾದದಲ್ಲಿ ಬೇರು ಇಸ್ರಾಯೇಲಿನದು. ಫೌಲ್ಸ್‌ನ ವ್ಯಾಖ್ಯಾನ ಸ್ವಲ್ಪ ಎಳೆದಂತಿದೆ. ಆದರೂ ಕೊಂಬೆ ಹೆಮ್ಮೆಪಡಬಾರದೆಂಬ ಪೌಲನ ಎಚ್ಚರಿಕೆಗೆ ಅದು ನಿಷ್ಠವಾಗಿದೆ, 1965ರ ‘ಆದ್ ಜೆಂತೆಸ್’ ಹೇಳುವ ವಾಕ್ಯದ ಬೀಜಗಳಿಂದಲೂ ದೂರವಿಲ್ಲ. (1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರ ನಿಘಂಟು ಪ್ರಕಟವಾದದ್ದು 1894ರಲ್ಲಿ; ಭಾಷೆಯ ಮುಂದೆ ಅಷ್ಟು ಕಾಲ ಕಾಯುವ ಸಹನೆ ನೇಥನ್‌ಗಿಲ್ಲ.) ಇಂಥ ಪಾತ್ರಕ್ಕೆ ಕೆಲವೇ ಪುಟಗಳು ದೊರೆತಿರುವುದು ವಿಷಾದಕರ.

ಕಿರಿಯವಳಾದ ರೂತ್ ಮೇ ಹಾವು ಕಚ್ಚಿ ಸತ್ತಾಗ, ಅವಳಿಗಿನ್ನೂ ದೀಕ್ಷಾಸ್ನಾನವಾಗಿರಲಿಲ್ಲವೆಂಬುದೇ ತಂದೆಯ ಬಾಯಿಂದ ಬರುವ ಮಾತು. ಮಳೆ ಬರುತ್ತದೆ, ಶೋಕಿಸಲು ನೆರೆದ ಹಳ್ಳಿಯ ಮಕ್ಕಳಿಗೆ ಆತ ಆ ನೀರಿನಲ್ಲೇ ದೀಕ್ಷಾಸ್ನಾನ ಕೊಡತೊಡಗುತ್ತಾನೆ. ಮಕ್ಕಳು ನಿಂತಿದ್ದಾರೆ, ಅವನೇನು ಮಾಡುತ್ತಿದ್ದಾನೆಂದು ಅವರಿಗೆ ಯಾರೂ ಹೇಳಿಲ್ಲ.